ಬಿದ್ದದ್ದನ್ನು ಊರೆಲ್ಲ ನೋಡಿತು, ಕೆಳಗೆ ಯಾರಿದ್ದರು?

ಪ್ರಶ್ನೆ: ನಾನು ಗದಗ ಜಿಲ್ಲೆಯ ಒಂದು ಹಳ್ಳಿಯವ, ವಯಸ್ಸು 23. ಎಂಟು ವರ್ಷ ನಮ್ಮೂರ ಗರಡಿಯಲ್ಲಿ ಮಲ್ಲಕಂಬ, ಅಂದರೆ ನೆಟ್ಟ ಕಂಬದ ಮೇಲಿನ ಕಸರತ್ತು, ಕಲಿತೆ. ಡಿಗ್ರಿ ಮುಗಿದ ಮೇಲೆ ಗೋಡೆ, ಟ್ರ್ಯಾಕ್ಟರ್, ನೀರಿನ ಟ್ಯಾಂಕಿನ ಮೇಲಿಂದ ಪಲ್ಟಿ ಹೊಡೆಯುವ ವಿಡಿಯೊ ಹಾಕತೊಡಗಿದೆ. ಒಂದು ವಿಡಿಯೊ ಲಕ್ಷಾಂತರ ಜನ ನೋಡಿದರು. ಸನ್ಮಾನ, ಶಾಲು, ಜಾತ್ರೆಗಳಿಗೆ ಆಹ್ವಾನ ಎಲ್ಲ ಬಂತು. ಗರಡಿಗೆ ಹೋಗುವುದು ನಿಂತಿತು. ಆರು ವಾರದ ಹಿಂದೆ ಒಂದು ಜಾತ್ರೆಯಲ್ಲಿ ಹತ್ತು ಅಡಿ ಎತ್ತರದ ಅಟ್ಟದಿಂದ ಜೋಡಿ ಪಲ್ಟಿ ಹೊಡೆಯುವಾಗ ಬಿದ್ದೆ. ಭುಜ, ತಲೆ ಬಡಿಯಿತು, ಸ್ವಲ್ಪ ಹೊತ್ತು ಎಲ್ಲಿದ್ದೇನೆಂದು ತಿಳಿಯಲಿಲ್ಲ. ಪಕ್ಕದೂರಿನ ಒಬ್ಬ ಆ ವಿಡಿಯೊಗೆ ನಗೆಯ ಹಾಡು ಹಾಕಿ ಬಿಟ್ಟ. ಈಗ ನಾನು 'ಪಲ್ಟಿ ಹೀರೊ'. ನಮ್ಮ ಓಣಿಯ ಎಂಟನೇ ಕ್ಲಾಸಿನ ಹುಡುಗ ನನ್ನಂತೆ ಹಾರಲು ಹೋಗಿ ಕೈ ಮುರಿದುಕೊಂಡ. ಅವನ ಅವ್ವ ಮನೆ ಮುಂದೆ ಬಂದು ಶಾಪ ಹಾಕಿದಳು. ಅಪ್ಪ 'ಸಾಕ ಮಾಡೋ ಈ ದೊಂಬರಾಟ' ಅಂತಾರೆ. ನಿದ್ದೆ ಇಲ್ಲ, ತಲೆ ಭಾರ, ಬೆಳಕು ಕಂಡರೆ ಆಗುವುದಿಲ್ಲ, ಸಣ್ಣದಕ್ಕೂ ಸಿಟ್ಟು. ಗೆಳೆಯರಲ್ಲಿ ಕೆಲವರು ಆ ವಿಡಿಯೊ ಮಾಡಿದವನಿಗೆ ನಾಲ್ಕು ಬಿಡೋಣ ಅಂತಾರೆ. ಇನ್ನು ಕೆಲವರು ಹುಬ್ಬಳ್ಳಿ ರಸ್ತೆಯಲ್ಲಿ ಬೈಕಿನ ಸ್ಟಂಟ್ ಮಾಡಿ ಎಲ್ಲರ ಬಾಯಿ ಮುಚ್ಚಿಸು ಅಂತಾರೆ. ಬಿದ್ದ ಮರುದಿನ ಗರಡಿಯಲ್ಲಿ ಕಲಿಸಿದ ವಸ್ತಾದರು ಫೋನ್ ಮಾಡಿದ್ದರು, ಎತ್ತಲಿಲ್ಲ. ಜನ ನೋಡದಿದ್ದರೆ ನಾನು ಏನೂ ಅಲ್ಲ ಅನ್ನಿಸುತ್ತದೆ. ಬಿಟ್ಟುಬಿಡಲೇ? ಉತ್ತರ ಕೊಡಲೇ?

ಉತ್ತರ: ನೀನು ನನ್ನ ಮಗನಿಗಿಂತ ಎರಡು ವರ್ಷ ಸಣ್ಣವ. ಹಾಗಾಗಿ 'ನೀನು' ಎಂದೇ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ.

ಪತ್ರವನ್ನು ಮೂರು ಸಲ ಓದಿದೆ. ಇಲ್ಲಿ ಅಚ್ಚಾಗಿರುವುದು ಅದರ ಸಂಕ್ಷೇಪ. ಮೂಲದಲ್ಲಿ ನೀನು ಜನರ ಮಾತಿನ ಬಗ್ಗೆ ಎರಡು ಪುಟ ಬರೆದಿದ್ದೀ, ತಲೆ ಬಡಿದದ್ದರ ಬಗ್ಗೆ ಒಂದೇ ಸಾಲು. ನಾನು ಆ ಸಾಲಿನಿಂದಲೇ ಶುರು ಮಾಡುತ್ತೇನೆ.

ಬಿದ್ದ ಮೇಲೆ ಎಲ್ಲಿದ್ದೇನೆಂದು ತಿಳಿಯಲಿಲ್ಲ ಎಂದರೆ ಅದು ಬರೀ ಗಾಬರಿಯಾಗಿರಲಿಕ್ಕಿಲ್ಲ. ತಲೆಗೆ ಪೆಟ್ಟು ಬಿದ್ದಾಗ ಬುರುಡೆಯೊಳಗೆ ಮಿದುಳು ಜೋರಾಗಿ ಅಲುಗಿ ಅದರ ಕೆಲಸ ಏರುಪೇರಾಗುವುದಕ್ಕೆ ವೈದ್ಯರು ಕನ್ಕಶನ್ ಎನ್ನುತ್ತಾರೆ. ರಕ್ತ ಬರಬೇಕೆಂದಿಲ್ಲ, ಬುರುಡೆ ಒಡೆಯಬೇಕೆಂದಿಲ್ಲ, ಸ್ಕ್ಯಾನ್ ಮಾಡಿಸಿದರೂ ಎಷ್ಟೋ ಸಲ ಎಲ್ಲ ಸರಿಯಾಗಿಯೇ ಕಾಣುತ್ತದೆ. ಆದರೆ ತಲೆಭಾರ, ನಿದ್ದೆಗೇಡು, ಬೆಳಕು ತಾಳದಿರುವುದು, ಕಾರಣವಿಲ್ಲದ ಸಿಟ್ಟು, ಇವು ಅದರ ಗುರುತುಗಳು. ಸಾಮಾನ್ಯವಾಗಿ ದೊಡ್ಡವರಲ್ಲಿ ಎರಡು ವಾರದೊಳಗೆ ತಿಳಿಯಾಗುತ್ತದೆ. ನಿನಗೆ ಆರು ವಾರವಾಗಿದೆ. 'ಜನರ ಮಾತಿನಿಂದ ಮನಸ್ಸು ಕೆಟ್ಟಿದೆ' ಎಂದು ನೀನು ಬರೆದಿದ್ದೀ. ಕೆಟ್ಟಿರಬಹುದು. ಆದರೆ ಅದರಲ್ಲಿ ಒಂದು ಪಾಲು ಜನರ ಮಾತಿನದಲ್ಲ, ಅಟ್ಟದಿಂದ ಬಿದ್ದ ಪೆಟ್ಟಿನದೇ ಇರಬಹುದು. ಎರಡನ್ನೂ ಒಂದೇ ಗಂಟು ಕಟ್ಟಿ ಹೊತ್ತುಕೊಂಡು ತಿರುಗುತ್ತಿದ್ದೀ. ಮೊದಲ ಪೆಟ್ಟು ಮಾಯುವ ಮುನ್ನ ಎರಡನೆಯದು ಬಿದ್ದರೆ ಅದು ಬಹಳ ಕೆಟ್ಟದ್ದು. ಆದ್ದರಿಂದ ವೈದ್ಯರು ನೋಡಿ ಸೈ ಅನ್ನುವವರೆಗೆ ಎರಡೂ ಕಾಲು ನೆಲದ ಮೇಲೆ. ಮನೆಯ ಗಾದಿಯ ಮೇಲೂ ಪಲ್ಟಿ ಬೇಡ.

ಬೈಕಿನ ಮಾತನ್ನೂ ಇಲ್ಲೇ ಮುಗಿಸಿಬಿಡೋಣ. ಹುಬ್ಬಳ್ಳಿ ರಸ್ತೆ ನಿನ್ನ ರಂಗಮಂಚವಲ್ಲ, ಅಲ್ಲಿ ಹಾಲಿನ ಗಾಡಿಯವರು, ಕಾಲೇಜಿಗೆ ಹೋಗುವವರು ಓಡಾಡುತ್ತಾರೆ. ಮೋಟಾರು ವಾಹನ ಕಾಯ್ದೆಯ 184ನೇ ಕಲಂ ಅಪಾಯಕಾರಿ ಚಾಲನೆಗೆ ದಂಡವನ್ನೂ ಜೈಲನ್ನೂ ಹೇಳುತ್ತದೆ. ನಿನ್ನನ್ನು ನೋಡಿ 18 ತುಂಬದ ಹುಡುಗನೊಬ್ಬ ಅಪ್ಪನ ಬೈಕು ಎತ್ತಿದರೆ, 2019ರ ತಿದ್ದುಪಡಿಯ ಪ್ರಕಾರ ಆ ಅಪ್ಪನಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಒಬ್ಬ ತಾಯಿಯ ಶಾಪ ಸಾಲದೇ?

ಈಗ ಬಿದ್ದದ್ದು ಯಾಕೆ ಎಂಬ ಪ್ರಶ್ನೆ. ನೀನು ಕೇಳಿಲ್ಲ, ಆದರೆ ಕೇಳಬೇಕಿತ್ತು. ಎಂಟು ವರ್ಷ ಔಡಲೆಣ್ಣೆ ಹಚ್ಚಿದ ಕಂಬದ ಮೇಲೆ ಜಾರದೆ ಆಡಿದವನು, ಒಣ ಹಲಗೆಯ ಅಟ್ಟದ ಮೇಲೆ ಯಾಕೆ ಜಾರಿದ? ಪತ್ರದಲ್ಲಿ ನೀನೇ ಬರೆದಿದ್ದೀ: 'ಹಾರುವ ಮುಂಚೆ ಎಡಗಡೆಯಿಂದ ಹೇಗೆ ಕಾಣಬಹುದು ಅಂತ ಯೋಚನೆ ಬಂತು.' ಅದೇ ಕಾರಣ ಎಂದು ನನ್ನ ಅಂದಾಜು. ಕಲಿತು ಮೈಗೂಡಿದ ಕೆಲಸವನ್ನು ದೇಹ ತಾನೇ ಮಾಡುತ್ತದೆ. ನಡುವೆ ನೀನು ಹೊರಗೆ ನಿಂತು ನಿನ್ನನ್ನೇ ನೋಡತೊಡಗಿದರೆ ಆ ಹದ ತಪ್ಪುತ್ತದೆ. ಪೇಟಿ ನುಡಿಸುವವನನ್ನು ಆಟದ ನಡುವೆ 'ಈಗ ಯಾವ ಬೆರಳು ಇಟ್ಟಿ?' ಎಂದು ಕೇಳಿ ನೋಡು, ಮುಂದಿನ ಸ್ವರ ತಪ್ಪುತ್ತಾನೆ. ಹತ್ತು ಅಡಿಯಿಂದ ಬೀಳಲು ಮುಕ್ಕಾಲು ಸೆಕೆಂಡು ಸಾಕು. ನೆಲ ಮುಟ್ಟುವಾಗ ವೇಗ ಗಂಟೆಗೆ ಸುಮಾರು 28 ಕಿಲೊಮೀಟರ್. ಆ ಮುಕ್ಕಾಲು ಸೆಕೆಂಡಿನಲ್ಲಿ ಕ್ಯಾಮೆರಾದ ಕಣ್ಣಿನಿಂದ ನಿನ್ನನ್ನು ನೋಡಿಕೊಳ್ಳಲು ಸಮಯ ಎಲ್ಲಿದೆ?

ನೆಲದ ಮಾತು ಬಂತಲ್ಲ. ಅದೇ 28ರ ವೇಗವನ್ನು ದೇಹ ಒಂದು ಅಡಿಯಷ್ಟು ದೂರದಲ್ಲಿ ಅರಗಿಸಿಕೊಂಡರೆ, ಅಂದರೆ ಮೊಣಕಾಲು ಮಡಚಿ, ಉರುಳಿ, ಕೆಳಗೆ ದಪ್ಪ ಗಾದಿ ಇದ್ದರೆ, ಮೈಮೇಲೆ ಬೀಳುವ ಹೊಡೆತ ನಿನ್ನ ತೂಕದ ಹತ್ತು ಪಟ್ಟಿನ ಆಸುಪಾಸು. ಎರಡೇ ಇಂಚಿನಲ್ಲಿ ನಿಂತರೆ ಅರವತ್ತು ಪಟ್ಟು. ಗರಡಿಯಲ್ಲಿ ಕೆಂಪು ಮಣ್ಣು ಹದ ಮಾಡಿ ಹಾಕುವುದು ಸುಮ್ಮನೆ ಅಲ್ಲ. ಜಾತ್ರೆಯ ಅಟ್ಟದ ಕೆಳಗೆ ಏನಿತ್ತು? ಒಂದು ಜಮಖಾನೆ ಎಂದಿದ್ದೀ.

ಇದನ್ನೆಲ್ಲ ಎಂಟು ವರ್ಷ ಕಲಿತವನು ಮರೆತದ್ದು ಹೇಗೆ? ಇಲ್ಲಿ ಪ್ರಸಿದ್ಧಿ ಬರುತ್ತದೆ. ನಮ್ಮ ಕಡೆ ಮಟ್ಕಾ ಆಡುವವರನ್ನು ನೋಡಿದ್ದೀಯಲ್ಲ. ದಿನಾ ಗೆಲ್ಲುವಂತಿದ್ದರೆ ಅವರು ಅಷ್ಟು ಹುಚ್ಚರಾಗುತ್ತಿರಲಿಲ್ಲ. ಯಾವಾಗ ಗೆಲ್ಲುತ್ತೇನೆಂದು ಗೊತ್ತಿಲ್ಲದಿರುವುದೇ ಆ ಹುಚ್ಚಿನ ಬೇರು. ಅಮೆರಿಕದ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಪಾರಿವಾಳಗಳಿಗೆ ಇದನ್ನೇ ಮಾಡಿ ನೋಡಿದ: ಕುಟುಕಿದಾಗ ಒಮ್ಮೆ ಕಾಳು ಬೀಳುತ್ತದೆ, ಒಮ್ಮೆ ಇಲ್ಲ, ಲೆಕ್ಕ ಸಿಗುವುದಿಲ್ಲ. ಅವು ಬಿಡದೆ ಕುಟುಕುತ್ತಲೇ ಇದ್ದವು. ನಿನ್ನ ಒಂದು ವಿಡಿಯೊ ಲಕ್ಷ ದಾಟಿತು, ಮುಂದಿನದು ಎರಡು ಸಾವಿರಕ್ಕೆ ನಿಂತಿತು. ಗೋಡೆಯಿಂದ ಟ್ರ್ಯಾಕ್ಟರ್, ಟ್ರ್ಯಾಕ್ಟರಿನಿಂದ ಟ್ಯಾಂಕು. ಎತ್ತರ ಹೆಚ್ಚಿಸಿದ್ದು ನಿನ್ನ ಕಲೆ ಬೆಳೆದದ್ದಕ್ಕಲ್ಲ, ಹಿಂದಿನ ಎತ್ತರಕ್ಕೆ ಜನ ಶಿಳ್ಳೆ ಹಾಕುವುದು ನಿಂತದ್ದಕ್ಕೆ. ಇದನ್ನು ಬೈಗುಳವಾಗಿ ಹೇಳುತ್ತಿಲ್ಲ. ಬುದ್ಧಿವಂತರೂ ಈ ಗುಂಡಿಯಲ್ಲಿ ಬಿದ್ದಿದ್ದಾರೆ.

ಈವೆಲ್ ಕ್ನೀವೆಲ್ ಎಂಬ ಅಮೆರಿಕದ ಮೋಟಾರ್‌ಸೈಕಲ್ ಸಾಹಸಿಯ ಕತೆ ನಿನಗೆ ಹೇಳಲೇಬೇಕು. 1967ರ ಡಿಸೆಂಬರ್ 31ರಂದು ಲಾಸ್ ವೇಗಸ್‌ನ ಸೀಸರ್ಸ್ ಪ್ಯಾಲೇಸ್ ಹೋಟೆಲಿನ ಕಾರಂಜಿಗಳ ಮೇಲಿಂದ ಹಾರಿ, ಆಚೆ ದಡದಲ್ಲಿ ಹಿಡಿತ ತಪ್ಪಿ ಬಿದ್ದ. ಗೊಂಬೆ ಉರುಳಿದಂತೆ ಉರುಳಿದ ಆ ದೃಶ್ಯವೇ ಅವನನ್ನು ಮನೆಮಾತು ಮಾಡಿತು, ಯಶಸ್ವಿಯಾದ ಯಾವ ಹಾರಾಟವೂ ಅಷ್ಟು ಮಾಡಿರಲಿಲ್ಲ. ಹೀಗಾಗಿ ಬಿದ್ದದ್ದನ್ನು ಜನ ಮತ್ತೆ ಮತ್ತೆ ನೋಡುವುದು ನಿನ್ನೊಬ್ಬನಿಗೆ ಆದ ಅನ್ಯಾಯವಲ್ಲ, ಸಾಹಸ ನೋಡಲು ಬರುವವರ ಕಣ್ಣೇ ಹಾಗೆ. ಮುಂದೆ ಅವನ ಹೆಸರಿನ ಆಟಿಕೆಗಳು ಅಂಗಡಿ ಅಂಗಡಿಯಲ್ಲಿ ಮಾರಿದವು. ಮೈಯ ಮೂಳೆಗಳು ಎಷ್ಟು ಮುರಿದರೂ ಮುಗಿಯದಿದ್ದ ಅವನ ವೃತ್ತಿ ಮುಗಿದದ್ದು ಬೈಕಿನಿಂದಲ್ಲ. ಅವನ ಪ್ರಚಾರ ನೋಡಿಕೊಂಡಿದ್ದವನೊಬ್ಬ ಪುಸ್ತಕದಲ್ಲಿ ಅವನನ್ನು ಒಳ್ಳೆಯ ಬಣ್ಣದಲ್ಲಿ ತೋರಿಸಲಿಲ್ಲ ಎಂದು ಕ್ನೀವೆಲ್ 1977ರಲ್ಲಿ ಬೇಸ್‌ಬಾಲ್ ಬ್ಯಾಟ್ ಹಿಡಿದು ಹೋಗಿ ಆ ಪುಸ್ತಕ ಬರೆದವನ ಕೈ ಮುರಿದ. ಜೈಲಾಯಿತು. ಬೈಕಿನ ಕಂಪನಿ, ಆಟಿಕೆಯ ಕಂಪನಿ ಎರಡೂ ಕೈಬಿಟ್ಟವು. ಪಕ್ಕದೂರಿಗೆ ಹೊರಟ ನಿನ್ನ ಗೆಳೆಯರಿಗೆ ಇದನ್ನು ಓದಿಸು. ಆ ವಿಡಿಯೊ ಮಾಡಿದವನಿಗೆ ನಾನು ಉತ್ತರವನ್ನೂ ಕೊಡಬೇಡ ಅನ್ನುತ್ತೇನೆ. ಊರ ಬಾಯಿಗೆ ಮುಚ್ಚಳ ಇಲ್ಲ, ಹುಡುಕಿಕೊಂಡು ಹೋದರೆ ಇನ್ನೂ ಎರಡು ದಿನ ಅದೇ ಹಾಡು ಹೆಚ್ಚಿಗೆ ಓಡುತ್ತದೆ.

ಹಾಗಂತ 'ಟೀಕೆಗೆ ಕಿವಿ ಮುಚ್ಚಿಕೊ' ಎಂದು ನಾನು ಹೇಳುವುದಿಲ್ಲ. ಒಂದು ಕಾಲದಲ್ಲಿ ಹೇಳುತ್ತಿದ್ದೆ. ಸುಮಾರು ಇಪ್ಪತ್ತು ವರ್ಷದ ಹಿಂದೆ ಧಾರವಾಡ ತಾಲ್ಲೂಕಿನ ಒಬ್ಬ ಪೈಲ್ವಾನ ನನ್ನ ಹತ್ತಿರ ಬಂದಿದ್ದ. ಎರಡು ಕುಸ್ತಿ ಸೋತಿದ್ದಕ್ಕೆ ಊರಲ್ಲಿ ಅಣಕ, ಚಹಾದಂಗಡಿಯಲ್ಲಿ ಕೂರಲಾಗದ ಸ್ಥಿತಿ. ನಾನು ಪುಸ್ತಕದ ಬುದ್ಧಿಯಲ್ಲಿ, ಯಾರ ಮಾತನ್ನೂ ಕೇಳಬೇಡ, ನಿನ್ನ ಮೇಲೆ ನಿನಗೆ ನಂಬಿಕೆ ಇರಲಿ ಎಂದೆ. ಅವನು ಅಕ್ಷರಶಃ ಪಾಲಿಸಿದ. ಬಲಗಾಲಿನ ಮೊಣಕಾಲು ಸಡಿಲಾಗಿದೆ, ಈ ಹಂಗಾಮು ಬಿಡು ಎಂದು ಅವನ ವಸ್ತಾದರು ಹೇಳಿದ್ದಕ್ಕೂ ಕಿವಿ ಮುಚ್ಚಿಕೊಂಡ. ಮೂರನೆಯ ಕುಸ್ತಿಯಲ್ಲಿ ಮೊಣಕಾಲು ಹೋಯಿತು, ಮತ್ತೆ ಅವನು ಕಣಕ್ಕೆ ಇಳಿಯಲಿಲ್ಲ. ಈಗಲೂ ಎಲ್ಲಾದರೂ ಸಿಕ್ಕರೆ ನಗುನಗುತ್ತಾ ಮಾತಾಡಿಸುತ್ತಾನೆ. ನಾನೇ ಅವನ ಕಾಲಿನ ಕಡೆ ನೋಡದಂತೆ ಮುಖ ತಿರುಗಿಸುತ್ತೇನೆ. ಆವತ್ತಿನಿಂದ ನಾನು ಕೇಳುವ ಪ್ರಶ್ನೆ ಬೇರೆ: ಈ ಮಾತು ಆಡಿದವರು ನೀನು ಬೀಳುವಾಗ ಎಲ್ಲಿ ನಿಂತಿರುತ್ತಾರೆ?

ನಿನ್ನ ಅಪ್ಪ ಆಡಿದ ಮಾತಿನಲ್ಲೇ ಇದಕ್ಕೆ ಉತ್ತರವಿದೆ. 'ದೊಂಬರಾಟ' ಎಂಬುದನ್ನು ಅವರು ಬೈಗುಳವಾಗಿ ಬಳಸಿದರು, ನಾವೆಲ್ಲ ಹಾಗೇ ಬಳಸುತ್ತೇವೆ. ನಿನಗೆ ಸಮಾಧಾನ ಹೇಳಬೇಕೆಂದರೆ, ನಿನ್ನ ವಿದ್ಯೆ ರಾಜರ ಕಾಲದ್ದು, ಲಕ್ಕುಂಡಿಯ ಗುಡಿಗಳ ಕಾಲದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ ಮಾನಸೋಲ್ಲಾಸದಲ್ಲೇ ಮಲ್ಲರ ಕಂಬದ ಪ್ರಸ್ತಾಪವಿದೆ, ಅಪ್ಪನಿಗೆ ಹಾಗೆ ಹೇಳು ಅನ್ನಬಹುದಿತ್ತು. ಅನ್ನುವುದಿಲ್ಲ. ಹಾಗಂದರೆ ದೊಂಬರ ವಿದ್ಯೆ ಕೀಳು, ನಿನ್ನದು ಮೇಲು ಎಂದು ಒಪ್ಪಿದಂತಾಗುತ್ತದೆ. ಸಣ್ಣವನಿದ್ದಾಗ ಮುರುಘಾಮಠದ ಜಾತ್ರೆಯಲ್ಲಿ ಒಂದು ದೊಂಬರ ಕುಟುಂಬದ ಆಟ ನೋಡಿದ್ದು ಇನ್ನೂ ಕಣ್ಣಿಗೆ ಕಟ್ಟಿದೆ. ಎರಡು ಕಡೆ ಬಿದಿರಿನ ಕತ್ತರಿ ನಿಲ್ಲಿಸಿ ಹಗ್ಗ ಬಿಗಿದಿದ್ದರು. ಮೇಲೆ ಎಂಟೊಂಬತ್ತು ವರ್ಷದ ಹುಡುಗಿ, ಕೈಯಲ್ಲಿ ಗಳ. ಕೆಳಗೆ ಅವಳಪ್ಪ ಡೋಲು ಬಾರಿಸುತ್ತಾ ಅವಳ ನೆರಳಿನಂತೆ ಹಗ್ಗದುದ್ದಕ್ಕೂ ನಡೆಯುತ್ತಿದ್ದ. ಜನರೆಲ್ಲ ಹುಡುಗಿಯ ಮುಖ ನೋಡುತ್ತಿದ್ದರು, ಅವನು ಪಾದ ನೋಡುತ್ತಿದ್ದ. ಅವಳು ತಡವರಿಸಿದಾಗ ಡೋಲಿನ ಬಡಿತ ನಿಧಾನವಾಯಿತು, ಅವಳು ಸರಿಯಾಗಿ ನಿಂತ ಮೇಲೆ ಮತ್ತೆ ಮೊದಲಿನ ಲಯಕ್ಕೆ ಬಂತು. ನಾವು ಡೋಲು ಇರುವುದು ಜನ ಸೇರಿಸಲಿಕ್ಕೆ ಎಂದುಕೊಂಡಿದ್ದೆವು. ಅವನಿಗೆ ಅದು ಮಗಳ ಕೈ ಹಿಡಿದುಕೊಂಡಂತೆ ಇತ್ತು. ತಟ್ಟೆ ಹಿಡಿದು ದುಡ್ಡು ಎತ್ತಿದ್ದು ಅವಳು ಕೆಳಗಿಳಿದ ಮೇಲೆಯೇ.

ನಿನ್ನ ಆಟಕ್ಕೂ ದೊಂಬರಾಟಕ್ಕೂ ವ್ಯತ್ಯಾಸ ಇಲ್ಲಿದೆ, ಮತ್ತು ಅದರಲ್ಲಿ ಸೋತದ್ದು ನೀನು. ಗರಡಿ ಬಿಟ್ಟ ದಿನದಿಂದ ನಿನ್ನ ಕೆಳಗೆ ಪಾದ ನೋಡುವವರು ಯಾರೂ ಇರಲಿಲ್ಲ. ಫೋನ್ ಹಿಡಿದ ಗೆಳೆಯರಿದ್ದರು. ಅವರು ಕೆಟ್ಟವರೆಂದಲ್ಲ, ಆದರೆ ಫೋನ್ ಹಿಡಿದವನ ಎರಡೂ ಕೈ ತುಂಬಿರುತ್ತವೆ.

2016ರ ನವೆಂಬರಿನಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ 'ಮಾಸ್ತಿಗುಡಿ' ಚಿತ್ರೀಕರಣಕ್ಕೆ ಹೆಲಿಕಾಪ್ಟರಿನಿಂದ ಹಾರಿದ ಇಬ್ಬರು ಕಲಾವಿದರು ಮುಳುಗಿ ಸತ್ತದ್ದು ನಿನಗೆ ನೆನಪಿರಬಹುದು, ನೀನಾಗ ಹೈಸ್ಕೂಲಿನಲ್ಲಿ ಇದ್ದಿರಬೇಕು. ತಮಗೆ ಈಜು ಅಷ್ಟಾಗಿ ಬರುವುದಿಲ್ಲ ಎಂದು ಅವರು ಹಾರುವ ಮುನ್ನ ಕ್ಯಾಮೆರಾ ಮುಂದೆಯೇ ಹೇಳಿಕೊಂಡಿದ್ದರು. ಲೈಫ್ ಜಾಕೆಟ್ ಇದ್ದದ್ದು ನಾಯಕನಿಗೆ ಮಾತ್ರ. ಹೆದರಿಕೆಯನ್ನು ಬಾಯಿ ಬಿಟ್ಟು ಹೇಳಿದರೂ ಅದನ್ನು ಆಟ ನಿಲ್ಲಿಸುವ ಮಾತು ಎಂದು ಕೇಳಿಸಿಕೊಳ್ಳುವವರು ಅಲ್ಲಿರಲಿಲ್ಲ. ನಿನಗೆ ಈಗ ಎತ್ತರ ಕಂಡರೆ ಕೈ ನಡುಗುತ್ತದೆ ಎಂದು ನಾಚಿಕೊಂಡು ಬರೆದಿದ್ದೀ. ನಡುಗಲಿ. ಆ ನಡುಕವನ್ನು ಯಾರ ಮುಂದೆ ಹೇಳಿದರೆ ಆಟ ನಿಲ್ಲುತ್ತದೋ ಅವರನ್ನು ಹುಡುಕಿಕೊ.

ಒಬ್ಬರು ಈಗಾಗಲೇ ಇದ್ದಾರೆ. ಬಿದ್ದ ಮರುದಿನ ಫೋನ್ ಮಾಡಿದ್ದರು.

ಅವರು ಬೈಯುತ್ತಾರೆ, ಬೈಸಿಕೊ. ವಸ್ತಾದರ ಬೈಗುಳಕ್ಕೂ ಪಕ್ಕದೂರಿನವನ ಹಾಡಿಗೂ ಮೇಲ್ನೋಟಕ್ಕೆ ಒಂದೇ ಅರ್ಥ, 'ನಿನಗೆ ಬರಲಿಲ್ಲ' ಎಂದು. ಆದರೆ ವಸ್ತಾದರು ಯಾವ ಕಾಲು ಮೊದಲು ಜಾರಿತು ಎಂದು ಹೇಳಬಲ್ಲರು. ನಮ್ಮ ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಸವಾಯಿ ಗಂಧರ್ವರ ಹತ್ತಿರ ಕಲಿಯಲು ಹೋಗುತ್ತಿದ್ದಾಗ ದಾರಿಯಲ್ಲಿ ಜನ ಅಣಕಿಸುತ್ತಿದ್ದರು. ಮುಂದೆ ಗಂಟಲಿನ ಚಿಕಿತ್ಸೆಯಾದ ಮೇಲೆ ದನಿ ಗಂಡಸಿನಂತೆ ದಪ್ಪಗಾದಾಗಲೂ ಮಾತು ಕೇಳಬೇಕಾಯಿತು. ಅವರು ಗಟ್ಟಿಗಿತ್ತಿ, ಅದಕ್ಕೇ ತಾಳಿಕೊಂಡರು ಎಂದು ಎಲ್ಲರೂ ಹೇಳುತ್ತಾರೆ. ನನಗೆ ಅದರಷ್ಟೇ ಮುಖ್ಯವಾಗಿ ಕಾಣುವುದು ಆ ರೈಲು ಪ್ರಯಾಣದ ಕೊನೆಯಲ್ಲಿ ಕಿವಿಗೊಟ್ಟು ಕೂತಿದ್ದ ಒಬ್ಬ ಮನುಷ್ಯ. ಒಂದೇ ತಾನನ್ನು ಸರಿಯಾಗುವವರೆಗೆ ಹೇಳಿಸುತ್ತಿದ್ದ ಗುರು ಇದ್ದಾಗ ದಾರಿಯ ಮಾತಿಗೆ ಮನೆಯಲ್ಲಿ ಜಾಗ ಕಡಿಮೆ.

ಇನ್ನು ಆ ಹುಡುಗ. ನಿನ್ನ ಪತ್ರದಲ್ಲಿರುವ ಟೀಕೆಗಳಲ್ಲಿ ಉತ್ತರ ಬೇಡುವುದು ಇದೊಂದೇ ಎಂದು ನನಗನ್ನಿಸುತ್ತದೆ, ನೀನು ಓಡುತ್ತಿರುವುದೂ ಇದೊಂದರಿಂದಲೇ. 'ನಾನೇನು ಅವನಿಗೆ ಹಾರು ಅಂದಿದ್ದೆನೇ?' ಎಂದು ಕೇಳಿದ್ದೀ. ಇಲ್ಲ. ಆದರೆ ಅವನು ನಿನ್ನನ್ನು ನೋಡಿ ಕಲಿಯಲಿಲ್ಲ, ನಿನ್ನ ವಿಡಿಯೊ ನೋಡಿ ಕಲಿತ. ವಿಡಿಯೊದಲ್ಲಿ ಇರುವುದು ಹನ್ನೆರಡು ಸೆಕೆಂಡು. ಬರೀ ಕಂಬ ಅಪ್ಪಿಕೊಂಡು ನಿಲ್ಲಲು ಬೇಕಾದ ತಿಂಗಳುಗಳು, ಅಂಗೈ ಸುಲಿದದ್ದು, ಸರಿಯಾದ ಒಂದು ಪಲ್ಟಿಯ ಹಿಂದೆ ಕೆಟ್ಟ ಮೂವತ್ತು ಪಲ್ಟಿ, ಯಾವುದೂ ಅದರಲ್ಲಿಲ್ಲ. ನೀನೇ ಕತ್ತರಿಸಿ ತೆಗೆದಿದ್ದೀ. ಅವನ ಮಟ್ಟಿಗೆ ಪಲ್ಟಿ ಎಂದರೆ ಗೋಡೆ ಹತ್ತುವುದು ಮತ್ತು ಧೈರ್ಯ, ಅಷ್ಟೇ.

ಹೋಗು. ಅವರ ಮನೆಗೆ ಹೋಗಿ ಕೂತುಕೊ. ಅವ್ವ ಮತ್ತೆ ಬೈದರೆ ಅದಕ್ಕೂ ಕೂತಿರು. ಕ್ಷಮೆಯ ಭಾಷಣ ಸಿದ್ಧ ಮಾಡಿಕೊಂಡು ಹೋಗಬೇಡ, ಗೆಳೆಯರನ್ನು ಕರೆದುಕೊಂಡು ಹೋಗಬೇಡ, ಫೋನನ್ನು ಮನೆಯಲ್ಲೇ ಬಿಟ್ಟು ಹೋಗು, ಇಲ್ಲದಿದ್ದರೆ ಅದೂ ಒಂದು ವಿಡಿಯೊ ಆಗುತ್ತದೆ. ಆಸ್ಪತ್ರೆ ಖರ್ಚಿನಲ್ಲಿ ಕೈಲಾದಷ್ಟು ಕೊಡು. ಜಾತ್ರೆಗಳಿಂದ ಬಂದದ್ದು ಸ್ವಲ್ಪವಾದರೂ ಉಳಿದಿರಬೇಕಲ್ಲ. ಹುಡುಗನಿಗೆ ನಿನ್ನ ಸುಲಿದ ಅಂಗೈ ತೋರಿಸು. ಕೈ ಕೂಡಿ ವೈದ್ಯರು ಒಪ್ಪಿದ ಮೇಲೆ ಅವನ ಮನೆಯವರು ಬಯಸಿದರೆ ಗರಡಿಗೆ ಕರೆದುಕೊಂಡು ಹೋಗು. ಬಯಸದಿದ್ದರೆ ಒತ್ತಾಯ ಬೇಡ, ಅವರಿಗೆ ಆ ಹಕ್ಕಿದೆ.

ಬಿಟ್ಟುಬಿಡಲೇ ಎಂದು ಕೇಳಿದ್ದಕ್ಕೆ ಈಗ ಉತ್ತರ ಕೊಡಲಾರೆ, ನೀನೂ ಈಗ ನಿರ್ಧಾರ ಮಾಡಬೇಡ. ಪೆಟ್ಟು ತಿಂದ ತಲೆ, ನಿದ್ದೆಗೆಟ್ಟ ಕಣ್ಣು ಇಟ್ಟುಕೊಂಡು ಬದುಕಿನ ಲೆಕ್ಕ ಹಾಕಬಾರದು. ಮಲ್ಲಕಂಬ ಈಗ ಖೇಲೊ ಇಂಡಿಯಾ ಯುವ ಕ್ರೀಡಾಕೂಟದಲ್ಲೂ ಇದೆ, ಕಲಿಸುವವರು ಬೇಕಾಗಿದ್ದಾರೆ. ಸಿನಿಮಾ ಸಾಹಸದ ಕಡೆ ಹೋಗುವುದಾದರೂ ಅಲ್ಲಿ ಕೆಲಸ ಸಿಗುವುದು ಹಗ್ಗ, ಗಾದಿ, ಅಳತೆ ಗೊತ್ತಿರುವವನಿಗೆ. ಇದು ಆರು ತಿಂಗಳ ನಂತರದ ಮಾತು.

'ಜನ ನೋಡದಿದ್ದರೆ ನಾನು ಏನೂ ಅಲ್ಲ' ಎಂಬುದನ್ನು ಮಾತ್ರ ಹಾಗೇ ಬಿಟ್ಟು ಮುಂದೆ ಹೋಗಲಾರೆ. ಗರಡಿಯ ಮೊದಲ ಐದಾರು ವರ್ಷ ನಿನ್ನನ್ನು ಯಾರು ನೋಡುತ್ತಿದ್ದರು? ಆಗ ಬೆಳಿಗ್ಗೆ ಐದಕ್ಕೆ ಏಳುತ್ತಿದ್ದೆ ಎಂದು ನೀನೇ ಬರೆದಿದ್ದೀ, ಯಾಕೆ ಏಳುತ್ತಿದ್ದೆ ಎಂದು ಬರೆದಿಲ್ಲ. ಅದನ್ನು ಒಂದು ಹಾಳೆಯ ಮೇಲೆ ನಿನಗಾಗಿಯೇ ಬರೆದುಕೊ, ನನಗೆ ಕಳಿಸಬೇಕಿಲ್ಲ. ಈ ಯೋಚನೆ ರಾತ್ರಿ ಹೊತ್ತು ಬದುಕೇ ಬೇಡ ಎನ್ನುವವರೆಗೆ ಹೋದರೆ, ಬೆಳಗಾಗುವವರೆಗೆ ಕಾಯಬೇಡ. 14416ಕ್ಕೆ ಫೋನ್ ಮಾಡು. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ದುಡ್ಡು ಬೀಳುವುದಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್‌ಗೂ ಬರಬಹುದು. ಅಲ್ಲಿಗೆ ಬರುವವರೆಲ್ಲ ಹುಚ್ಚರು ಎನ್ನುವ ಮಾತು ನಮ್ಮ ಕಡೆ ಇನ್ನೂ ಇದೆ. ನಿದ್ದೆ ಬಾರದ ಮೇಷ್ಟ್ರು, ಪರೀಕ್ಷೆಗೆ ಹೆದರಿದ ಮಕ್ಕಳು, ಎಲ್ಲರೂ ಬರುತ್ತಾರೆ.

ಆದರೆ ಮೊದಲು ತಲೆ. ಹುಬ್ಬಳ್ಳಿಯ ಕಿಮ್ಸ್ ಆಸ್ಪತ್ರೆಗೆ (ಈಗಿನ ಹೆಸರು ಕೆಎಂಸಿಆರ್‌ಐ) ಈ ಸೋಮವಾರವೇ ಹೊರಡು, ಬೆಳಗಿನ ಬಸ್ಸು ಹಿಡಿದರೆ ಪಾಳಿಯಲ್ಲಿ ಮುಂದೆ ಸಿಗುತ್ತೀ. ಅಪ್ಪನನ್ನು ಜೊತೆಗೆ ಕರೆದುಕೊ, ಪೆಟ್ಟು ಬಿದ್ದ ಮೇಲೆ ನಿನ್ನಲ್ಲಿ ಏನು ಬದಲಾಗಿದೆ ಎಂಬುದನ್ನು ನಿನಗಿಂತ ಅವರು ಚೆನ್ನಾಗಿ ಹೇಳಬಲ್ಲರು. ಆ ಹಾಡು ಹಾಕಿದ ವಿಡಿಯೊ ಫೋನಿನಲ್ಲಿದ್ದರೆ ಅಳಿಸಬೇಡ. ಹಾಡಿನ ದನಿ ಬಂದ್ ಮಾಡಿ ವೈದ್ಯರಿಗೆ ತೋರಿಸು. ತಲೆಯ ಯಾವ ಭಾಗ ಬಡಿಯಿತು, ಎಷ್ಟು ಹೊತ್ತಿಗೆ ಎದ್ದು ಕೂತೆ ಎಂಬುದೆಲ್ಲ ಅದರಲ್ಲಿದೆ.